ಇಪ್ಪತ್ತೆರಡು ಗಜದ ಸತ್ಯ

ಪಾದ್ರಿಗಳ ಆಡು ವಿಲ್ಫ್ರೆಡ್ ಟಕ್‌ವೆಲ್‌ನ ಅಳತೆಪಟ್ಟಿಯನ್ನು ತಿಂದುಹಾಕಿದ್ದು ಶುಕ್ರವಾರ ಸಂಜೆ. ಪಟ್ಟಿಯನ್ನು ಹುಲ್ಲಿನ ಮೇಲೆ ಬಿಟ್ಟು ಅವನು ಮೈದಾನದಲ್ಲಿ ರೋಲರ್ ಎಳೆಯುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಆಡಿನ ಬಾಯಿಂದ ಆ ಬಟ್ಟೆಪಟ್ಟಿಯ ಒಂದು ತುಂಡು ಮಾತ್ರ ಬಾಲದಂತೆ ನೇತಾಡುತ್ತಿತ್ತು. ವಿಲ್ಫ್ರೆಡ್ ಹಿಡಿದು ಎಳೆದ. ಆಡೂ ಎಳೆಯಿತು. ಆಡೇ ಗೆದ್ದಿತು.

ಬೇರೆ ವಾರವಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಮಾರನೆಯ ದಿನ ಅವನ ಊರಾದ ಪಿಲ್‌ಕೂಂಬ್‌ಗೂ ಪಕ್ಕದ ಹಾಕ್‌ಸ್ಟನ್‌ಗೂ ವರ್ಷದ ಕ್ರಿಕೆಟ್ ಪಂದ್ಯ. ಈ ಎರಡು ಊರುಗಳ ನಡುವೆ ಇದ್ದದ್ದು ಒಂದು ಹಳ್ಳ, ಒಂದು ಬೇಲಿ. ಹಗೆ ಮಾತ್ರ ಸಮುದ್ರದಷ್ಟು. ಪಂದ್ಯದ ಬೆಳ್ಳಿ ಕಪ್ಪು ಹನ್ನೊಂದು ವರ್ಷದಿಂದ ಹಾಕ್‌ಸ್ಟನ್ನಿನ ಪಬ್ಬಿನಲ್ಲಿ ಕೂತು ಪಿಲ್‌ಕೂಂಬಿನವರ ಹೊಟ್ಟೆ ಉರಿಸುತ್ತಿತ್ತು.

ವಿಲ್ಫ್ರೆಡ್ ಆಟಗಾರನೇನಲ್ಲ. ವಾರವೆಲ್ಲ ದನದ ಮೇವಿನ ಅಂಗಡಿಯಲ್ಲಿ ಗುಮಾಸ್ತ. ಶನಿವಾರ ಬಂತೆಂದರೆ ಮೈದಾನದ ಉಸ್ತುವಾರಿ ಅವನದು: ಹುಲ್ಲು ಕತ್ತರಿಸುವುದು, ಸ್ಟಂಪ್ ನೆಡುವುದು, ಸುಣ್ಣದ ಗೆರೆ ಎಳೆಯುವುದು. ಪಿಚ್ಚಿನ ಉದ್ದ ಇಪ್ಪತ್ತೆರಡು ಗಜ. ಊರಿನಲ್ಲಿ ಅವನಿಗಿದ್ದ ಗೌರವದ ಉದ್ದವೂ ಅಷ್ಟೇ.

ಶನಿವಾರ ಬೆಳಗಾಗುತ್ತಲೇ ಕಬ್ಬಿಣದ ಸಾಮಾನಿನ ಅಂಗಡಿಗೆ ಓಡಿದ. ಅಂಗಡಿಯವನು ಹೊಚ್ಚ ಹೊಸ ಉಕ್ಕಿನ ಟೇಪೊಂದನ್ನು ಮೇಜಿನ ಮೇಲಿಟ್ಟ. ಅದರ ಮೈತುಂಬ ಮೀಟರು, ಸೆಂಟಿಮೀಟರು. ಗಜವಿಲ್ಲ, ಅಡಿಯಿಲ್ಲ, ಅಂಗುಲದ ಸುಳಿವೂ ಇಲ್ಲ.

"ಗಜದ್ದು ಕೊಡಪ್ಪ," ಎಂದ ವಿಲ್ಫ್ರೆಡ್.

"ಗಜದ್ದು ಹೋದ ತಿಂಗಳೇ ಖಾಲಿ. ಇನ್ನು ಬರೋದೂ ಇಲ್ಲ. ಸರ್ಕಾರ ಮೀಟರಿಗೆ ಹೋಗಿದೆ, ನೀನೂ ಹೋಗು."

ಮೊದಲು ಶಿಲ್ಲಿಂಗ್ ನಾಣ್ಯಗಳು ಹೋದವು, ಈಗ ಗಜ. ಹೀಗೇ ಆದರೆ ಮುಂದೆ ಚಹಾಕ್ಕೂ ಏನಾದರೂ ಆದೀತು ಎಂದು ಗೊಣಗಿಕೊಳ್ಳುತ್ತ ವಿಲ್ಫ್ರೆಡ್ ಟೇಪು ಕೊಂಡು ಅಂಚೆ ಕಚೇರಿಗೆ ಹೋದ. ಅಲ್ಲಿ ಕಿಟಕಿಯ ಹಿಂದೆ ಕೂರುವ ಮಿಸ್ ಗ್ರಿಬಲ್‌ಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ಊರು ನಂಬಿತ್ತು. ಆಕೆಯಂತೂ ಊರಿಗಿಂತ ಬಲವಾಗಿ ನಂಬಿದ್ದಳು.

"ಇಪ್ಪತ್ತೆರಡು ಗಜಕ್ಕೆ ಎಷ್ಟು ಮೀಟರು?" ಎಂದು ವಿಲ್ಫ್ರೆಡ್ ಮೆಲ್ಲಗೆ ಕೇಳಿದ. ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸಿದರು.

"ಮೀಟರು ಗಜಕ್ಕಿಂತ ಮೂರು ಅಂಗುಲ ಚಿಲ್ಲರೆ ದೊಡ್ಡದು," ಎಂದಳು ಮಿಸ್ ಗ್ರಿಬಲ್, ಅಂಚೆಚೀಟಿ ಹರಿಯುತ್ತ. "ದೊಡ್ಡದು ಅಂದ್ಮೇಲೆ ಜಾಸ್ತಿ ಮಾಡ್ಬೇಕು. ಎರಡು ಸೇರಿಸು. ಇಪ್ಪತ್ನಾಲ್ಕು."

"ಏನು ಸೇರ್ಸೋದು! ಕಳೀಬೇಕು!" ಎಂದು ಸಾಲಿನ ಕೊನೆಯಿಂದ ಗುಡುಗು ಬಂತು. ಅದು ಮಾಂಸದಂಗಡಿಯ ಹಕ್‌ಸ್ಟೆಬಲ್, ಪಿಲ್‌ಕೂಂಬ್ ತಂಡದ ನಾಯಕ. ನಿಂತರೆ ಬಾಗಿಲಿಗೆ ಬೇರೆ ಕದ ಬೇಡ ಎನ್ನುವಂಥ ಆಸಾಮಿ. "ದೊಡ್ಡ ಚೀಲ ತಗೊಂಡ್ರೆ ಕಡಿಮೆ ಚೀಲ ಸಾಕಾಗಲ್ವೇನ್ರೀ? ಇಪ್ಪತ್ತು ಮೀಟರು, ಮೇಲೊಂದು ಗೇಣು. ಅಷ್ಟೇ!"

"ಹಂದಿ ತೂಗೋರು ಹಂದಿ ತೂಗ್ಲಿ," ಎಂದಳು ಮಿಸ್ ಗ್ರಿಬಲ್. "ಮೂವತ್ತು ವರ್ಷದಿಂದ ಸರ್ಕಾರದ ಲೆಕ್ಕ ನೋಡ್ತಿರೋಳು ನಾನು."

"ಅದಕ್ಕೇ ಸರ್ಕಾರ ಹಿಂಗಿರೋದು!" ಎಂದು ಹಕ್‌ಸ್ಟೆಬಲ್ ಬಾಗಿಲು ಬಡಿದುಕೊಂಡು ಹೊರಟುಹೋದ.

ವಿಲ್ಫ್ರೆಡ್ ಎರಡು ಎಮ್ಮೆಗಳ ಜಗಳದ ನಡುವೆ ನಿಂತ ಗಿಡದಂತಾದ. ಆಗ ಅವನ ಹೆಗಲ ಮೇಲೊಂದು ಮೃದುವಾದ ಕೈ ಬಿತ್ತು. ಪಾದ್ರಿ ಲೈಲ್. ತಮ್ಮ ಆಡಿನ ಅಪರಾಧಕ್ಕೆ ಏನಾದರೂ ಪರಿಹಾರ ಮಾಡಬೇಕೆಂದು ಅವರು ನಿನ್ನೆಯಿಂದ ಹಂಬಲಿಸುತ್ತಿದ್ದರು.

"ವಿಲ್ಫ್ರೆಡ್, ಒಬ್ರು ಎರಡು ಸೇರಿಸು ಅಂತಾರೆ. ಇನ್ನೊಬ್ರು ಎರಡು ಕಳಿ ಅಂತಾರೆ. ಇಬ್ರೂ ಒಳ್ಳೆಯವರೇ. ಸತ್ಯ ಯಾವಾಗ್ಲೂ ಮಧ್ಯದಲ್ಲಿರುತ್ತಪ್ಪ."

"ಅಂದ್ರೆ, ಇಪ್ಪತ್ತೆರಡೇ ಮೀಟರು?"

"ನೋಡು, ಎಷ್ಟು ಸಲೀಸಾಯ್ತು!"

ದೇವರ ಕಡೆಯವರೇ ಹೇಳಿದ ಮೇಲೆ ಇನ್ನೇನು ಅನುಮಾನ? ವಿಲ್ಫ್ರೆಡ್ ಮೈದಾನಕ್ಕೆ ಹೋಗಿ ಇಪ್ಪತ್ತೆರಡು ಮೀಟರು ಅಳೆದ, ಸ್ಟಂಪ್ ನೆಟ್ಟ, ಗೆರೆ ಎಳೆದ. ಹಸಿರು ಹುಲ್ಲಿನ ಮೇಲೆ ಬಿಳಿ ಗೆರೆ ಹಲ್ಲುಜ್ಜಿದ ಬಾಯಂತೆ ಕಂಡಿತು. ಸುಣ್ಣದ ಬಕೆಟ್ಟನ್ನು ಅಲ್ಲೇ ಬಿಟ್ಟು, ಸ್ನಾನ ಮಾಡಿ ಬಟ್ಟೆ ಬದಲಿಸಲು ಶಿಳ್ಳೆ ಹಾಕುತ್ತ ಮನೆಗೆ ಹೋದ.

ಅವನು ಮರಳಿ ಬರುವ ಹೊತ್ತಿಗೆ ಜನ ಸೇರಿದ್ದರು. ಅವನ ಹೆಂಡತಿ ಎನಿಡ್ ಆಗಲೇ ಬಂದು ಮೈದಾನದಂಚಿನ ಮರದ ಕೊಠಡಿಯಲ್ಲಿ ಎರಡೂ ತಂಡಗಳಿಗೆ ಊಟ ಬಡಿಸುತ್ತಿದ್ದಳು. ಊರಿನವರ ಪರದೆಗಳನ್ನೆಲ್ಲ ಹೊಲಿದುಕೊಡುವ ಎನಿಡ್ ಪಂದ್ಯದ ದಿನ ಮಾತ್ರ ಸೂಜಿ ಬಿಟ್ಟು ಸೌಟು ಹಿಡಿಯುತ್ತಿದ್ದಳು. ಒಳಗಿನಿಂದ ಹಂದಿಮಾಂಸ ತುಂಬಿ ಬೇಯಿಸಿದ ಪೈಗಳ ವಾಸನೆ ಘಮ್ಮೆಂದು ಬರುತ್ತಿತ್ತು.

ಹಾಕ್‌ಸ್ಟನ್ ಮೊದಲು ಬ್ಯಾಟಿಂಗ್ ಮಾಡಿತು. ವಿಲ್ಫ್ರೆಡ್ ಸ್ಕೋರು ಬರೆಯುವವರ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಹಾಕ್‌ಸ್ಟನ್ ಕಡೆಯಿಂದ ಸ್ಕೋರು ಬರೆಯಲು ಬಂದ ಮಿಸೆಸ್ ಆಲ್ಡರ್, ಆ ಊರ ಶಾಲೆಯ ಗಣಿತದ ಮೇಡಮ್ಮು. ವಿಲ್ಫ್ರೆಡ್‌ಗೆ ಅವತ್ತು ತನ್ನ ಹೊಸ ವಿದ್ಯೆಯ ಮೇಲೆ ಒಂದಿಷ್ಟು ಜಂಭ.

"ಈ ಮೀಟರು ಗಜದ ಗಲಾಟೆ ಎಲ್ಲ ಸುಮ್ನೆ ಅಲ್ವೇನ್ರೀ ಮೇಡಂ? ಕೊನೆಗೆ ಎಲ್ಲಾ ಒಂದೇ."

"ಒಂದೇ ಹೇಗ್ರೀ ಆಗುತ್ತೆ?" ಎಂದಳು ಆಕೆ, ಸ್ಕೋರು ಪುಸ್ತಕದಿಂದ ತಲೆಯೆತ್ತದೆ. "ಈಗ ಈ ಪಿಚ್ಚನ್ನೇ ತಗೊಳ್ಳಿ. ಇಪ್ಪತ್ತೆರಡು ಗಜ ಅಂದ್ರೆ ಇಪ್ಪತ್ತು ಮೀಟರು, ಮೇಲೆ ಒಂಚೂರು."

ವಿಲ್ಫ್ರೆಡ್‌ನ ಕೈಯಲ್ಲಿದ್ದ ಬಿಸ್ಕತ್ತು ಚಹಾಕ್ಕೆ ಬಿತ್ತು.

"ಅಕಸ್ಮಾತ್... ಯಾರೋ ದಡ್ಡ... ಇಪ್ಪತ್ತೆರಡು ಮೀಟರೇ ಅಳೆದುಬಿಟ್ರೆ?"

"ಆರಡಿ ಜಾಸ್ತಿಯಾಗುತ್ತೆ. ಒಬ್ಬ ಮನುಷ್ಯನ್ನ ಉದ್ದಕ್ಕೆ ಮಲಗಿಸಬಹುದು."

ಮಲಗಿಸಬೇಕಾದ ಮನುಷ್ಯ ಯಾರೆಂದು ವಿಲ್ಫ್ರೆಡ್‌ಗೆ ಸಂದೇಹ ಉಳಿಯಲಿಲ್ಲ. ಪಿಚ್ಚಿನ ಕಡೆ ನೋಡಿದ. ಅಯ್ಯೋ, ಇಷ್ಟು ಹೊತ್ತು ತನಗೆ ಕಾಣಿಸಲಿಲ್ಲವೇ? ಆ ತುದಿಯ ಸ್ಟಂಪು ಲಂಡನ್ ರಸ್ತೆಯ ಮೈಲಿಗಲ್ಲಿನಂತೆ ಎಲ್ಲೋ ದೂರದಲ್ಲಿ ನಿಂತಿತ್ತು. ಹಾಕ್‌ಸ್ಟನ್ನಿನ ಒಬ್ಬ ದಪ್ಪ ಬ್ಯಾಟ್ಸ್‌ಮನ್ ರನ್ನಿಗಾಗಿ ಏದುಸಿರು ಬಿಡುತ್ತ ಓಡಿಬಂದ. ಗೆರೆ ಮುಟ್ಟುವಷ್ಟರಲ್ಲಿ ರನ್ ಔಟ್.

"ಪಾಪ, ಅರ್ಧ ಗಜದಲ್ಲಿ ತಪ್ಪಿಹೋಯ್ತು," ಎಂದಳು ಮಿಸೆಸ್ ಆಲ್ಡರ್.

ಆ ಅರ್ಧ ಗಜ ತನ್ನದೇ ಎಂದು ವಿಲ್ಫ್ರೆಡ್‌ಗೆ ಗೊತ್ತಿತ್ತು. ಮುಂದೆ ಇನ್ನೊಬ್ಬ ರನ್ ಔಟ್ ಆದ. ಪಿಲ್‌ಕೂಂಬಿನವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಇವನೊಬ್ಬ ಸಾವಿನ ಮನೆಗೆ ಬಂದವನಂತೆ ಕೂತಿದ್ದ. ಹಾಕ್‌ಸ್ಟನ್ ತೊಂಬತ್ತು ರನ್ನನ್ನೂ ದಾಟದೆ ಉದುರಿತು.

ಚಹಾದ ವಿರಾಮದಲ್ಲಿ ಎಲ್ಲರೂ ಕೊಠಡಿಗೆ ನುಗ್ಗಿದಾಗ ವಿಲ್ಫ್ರೆಡ್ ಟೇಪನ್ನು ಕೋಟಿನೊಳಗೆ ಅಡಗಿಸಿಕೊಂಡು ಪಿಚ್ಚಿನ ಕಡೆ ನುಸುಳಿದ. ಯಾರೂ ನೋಡದಂತೆ ಅಳೆದು, ಸ್ಟಂಪನ್ನು ಆರಡಿ ಈಚೆಗೆ ತಂದರೆ ಅರ್ಧ ಪಾಪವಾದರೂ ಕಳೆದೀತು. ಮಂಡಿಯೂರಿ ಟೇಪಿನ ಕೊಂಡಿಯನ್ನು ಸ್ಟಂಪಿಗೆ ಸಿಕ್ಕಿಸಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, "ಏಯ್!" ಎಂಬ ಗರ್ಜನೆ. ಬೆಚ್ಚಿಬಿದ್ದ ವಿಲ್ಫ್ರೆಡ್ ಟೇಪು ಬಿಟ್ಟ. ಅದು ಹಾವಿನಂತೆ ಬುಸುಗುಟ್ಟುತ್ತ ಹಿಂದಕ್ಕೆ ಓಡಿ, ಓಡಿಬರುತ್ತಿದ್ದ ಹಕ್‌ಸ್ಟೆಬಲ್‌ನ ಮೊಣಕಾಲ ಕೆಳಗಿನ ಎಲುಬಿಗೆ ಛಟೀರೆಂದು ಬಡಿಯಿತು.

ನಾಯಕ ಒಂಟಿಕಾಲಲ್ಲಿ ಕುಣಿದ. "ನಿನ್ನ ತಲೆಗಿಷ್ಟು! ಏನ್ ಮಾಡ್ತಿದ್ದೀಯಯ್ಯಾ ಇಲ್ಲಿ?"

"ಹುಳ... ಹುಲ್ಲಲ್ಲಿ ಹುಳ ಇತ್ತು, ಅದನ್ನ..."

"ಹುಳಾನ ಅಳತೆ ಮಾಡ್ತಿದ್ಯಾ? ಹನ್ನೊಂದು ವರ್ಷದಲ್ಲಿ ಮೊದಲ ಸಲ ಗೆಲ್ಲೋ ಲಕ್ಷಣ ಕಾಣ್ತಿದೆ. ಈ ಪಿಚ್ಚಿನ ಒಂದೇ ಒಂದು ಗರಿಕೆ ಅಲ್ಲಾಡಿದ್ರೂ ನಿನ್ನ ನನ್ನ ಅಂಗಡಿ ಕೊಕ್ಕೆಗೆ ನೇತುಹಾಕ್ತೀನಿ, ತಿಳೀತಾ?" ಎಂದವನೇ ಟೇಪನ್ನು ಕಿತ್ತುಕೊಂಡು ಬೇಲಿಯಾಚೆಯ ತುರಿಕೆಗಿಡಗಳ ಪೊದೆಗೆ ಎಸೆದ.

ಇನ್ನು ಪಿಲ್‌ಕೂಂಬಿನ ಸರದಿ. ಬೌಲಿಂಗಿಗೆ ಬಂದವನು ಡಗ್ಗನ್. ಹಾಕ್‌ಸ್ಟನ್ನಿನ ನಾಯಕ, ಕಮ್ಮಾರ, ಹನ್ನೊಂದು ವರ್ಷದಿಂದ ಪಿಲ್‌ಕೂಂಬಿನವರ ಕನಸಿನಲ್ಲಿ ಓಡಿಬರುತ್ತಿದ್ದವನು. ಅವನು ಬೇಲಿಯ ಬಳಿಯಿಂದ ಓಡಿಬರತೊಡಗಿದರೆ ಬ್ಯಾಟ್ಸ್‌ಮನ್ನರಿಗೆ ತಮ್ಮ ಉಯಿಲಿನ ನೆನಪಾಗುತ್ತಿತ್ತು. ಅವತ್ತು ಅವನು ಓಡಿಬಂದ, ಕೈ ಬೀಸಿದ, ಚೆಂಡು ನಡುದಾರಿಯಲ್ಲೇ ನೆಲಕ್ಕೆ ಬಿದ್ದು, ಎರಡನೆಯ ಸಲ ಪುಟಿದು, ಮುದಿನಾಯಿಯಂತೆ ತೆವಳಿಕೊಂಡು ಹಕ್‌ಸ್ಟೆಬಲ್‌ನ ಬ್ಯಾಟಿನ ಮುಂದೆ ಬಂದು ನಿಂತಿತು. ಹಕ್‌ಸ್ಟೆಬಲ್ ಅದನ್ನು ಇಗರ್ಜಿಯ ಗೋರಿಗಳ ನಡುವೆ ಬೀಳುವಂತೆ ಬಾರಿಸಿದ.

ಚೆಂಡಿನ ಮೇಲೆ ಚೆಂಡು ಹಾಗೇ. ಡಗ್ಗನ್ ಬೆವರೊರೆಸಿಕೊಂಡ, ತನ್ನ ತೋಳನ್ನೇ ದಿಟ್ಟಿಸಿದ, ತಲೆ ಕೊಡವಿದ. ಆರಡಿ, ಆರಡಿ ಎಂದು ವಿಲ್ಫ್ರೆಡ್‌ನ ಎದೆ ಬಡಿದುಕೊಳ್ಳುತ್ತಿತ್ತು. ಸಂಜೆ ಬಿಸಿಲು ಇಳಿಯುವ ಮುನ್ನವೇ ಪಿಲ್‌ಕೂಂಬ್ ಗೆದ್ದಿತು.

ಆಮೇಲಿನ ಸಂಭ್ರಮ ಕೇಳಬೇಡಿ. ಜನ ಮೈದಾನದೊಳಕ್ಕೆ ನುಗ್ಗಿದರು, ಸ್ಟಂಪುಗಳನ್ನು ನೆನಪಿಗೆಂದು ಕಿತ್ತುಕೊಂಡರು. ಮಿಸ್ ಗ್ರಿಬಲ್ ಹಕ್‌ಸ್ಟೆಬಲ್‌ನ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಇಬ್ಬರೂ ಗಾಬರಿಯಾದರು. "ಪಿಚ್ ಮಾಡಿದವ್ನೆಲ್ಲಿ? ಎತ್ತಿ ಅವನ್ನ!" ಎಂದು ಯಾರೋ ಕೂಗಿದ್ದೇ ತಡ, ವಿಲ್ಫ್ರೆಡ್ ಹೆಗಲುಗಳ ಮೇಲಿದ್ದ. ಜೀವಮಾನದಲ್ಲಿ ಮೊದಲ ಬಾರಿಗೆ ಊರು ಅವನನ್ನು ತಲೆಯೆತ್ತಿ ನೋಡುತ್ತಿತ್ತು. ಅವನಿಗೋ ಇಳಿದರೆ ಸಾಕಾಗಿತ್ತು.

ಇಳಿದದ್ದು ಡಗ್ಗನ್‌ನ ಎದುರಿಗೆ. ಆ ಬೆಟ್ಟದಂಥ ಮನುಷ್ಯ ಕೈ ಚಾಚಿದ. ಕಣ್ಣು ಒದ್ದೆಯಾಗಿತ್ತು.

"ಒಳ್ಳೇ ಪಿಚ್ಚಪ್ಪ ನಿಂದು. ತಪ್ಪೆಲ್ಲಾ ನಂದೇ. ನನ್ನ ತೋಳಲ್ಲಿ ಕಸುವು ಹೋಯ್ತು. ಚೆಂಡು ಅಲ್ಲೀತನಕ ಹೋಗ್ತಾನೇ ಇಲ್ಲ. ಇವತ್ತಿಗೆ ಬೌಲಿಂಗ್ ಬಿಟ್ಟೆ. ವಯಸ್ಸಾಯ್ತು ಅಂತ ಹೆಂಡ್ತಿ ಹೇಳ್ತಿದ್ಲು, ನಾನು ನಂಬಿರಲಿಲ್ಲ."

ಬೈದಿದ್ದರೆ ವಿಲ್ಫ್ರೆಡ್ ಸಹಿಸುತ್ತಿದ್ದ. ಆದರೆ ಒಬ್ಬ ಕಮ್ಮಾರ ಕಣ್ಣೀರು ಹಾಕಿದರೆ ಯಾರ ಮನಸ್ಸು ತಡೆದೀತು? ಬಾಯಿ ತಾನಾಗಿಯೇ ತೆರೆದುಕೊಂಡಿತು.

"ನಿಮ್ಮ ತೋಳು ಚೆನ್ನಾಗೇ ಇದೆ! ಪಿಚ್ಚೇ ಆರಡಿ ಉದ್ದ! ನಾನೇ... ಗಜದ ಬದಲು ಮೀಟರು ಅಳೆದುಬಿಟ್ಟೆ!"

ದೂರದಲ್ಲಿ ಪಾದ್ರಿಗಳ ಆಡು ಒಂದು ಸಲ ಅರಚಿತು.

"ಬೆಳಿಗ್ಗೆನೇ ಇಪ್ಪತ್ತು ಅಂತ ಬಡ್ಕೊಂಡೆ!" ಎಂದು ಹಕ್‌ಸ್ಟೆಬಲ್ ಮೊದಲು ಬಾಯಿ ಬಿಟ್ಟ. ಅವನ ಮುಖ ಅವನ ಅಂಗಡಿಯ ಕಿಟಕಿಯಲ್ಲಿಡುವ ಮಾಂಸದ ಬಣ್ಣಕ್ಕೆ ತಿರುಗಿತ್ತು. "ತಡೀರಿ, ಇವ್ನ ಮಾತೇನು ವೇದವಾಕ್ಯಾನಾ? ಅಳೆದು ನೋಡೋಣ!"

"ಛೆ, ಹಕ್‌ಸ್ಟೆಬಲ್!" ಎಂದು ಪಾದ್ರಿ ಲೈಲ್ ಮುಂದೆ ಬಂದರು. "ತನಗೇ ಕೆಡುಕಾಗುತ್ತೆ ಅಂತ ಗೊತ್ತಿದ್ದೂ ಒಬ್ಬ ನಿಜ ಹೇಳ್ದ. ಅಂಥವನ ಮಾತನ್ನ ಟೇಪು ಹಿಡಿದು ಅಳೀತೀರಾ? ನಾಚಿಕೆಯಾಗಲ್ವಾ?"

ಹಕ್‌ಸ್ಟೆಬಲ್‌ಗೆ ನಾಚಿಕೆಯಾಗಲಿಲ್ಲ. ಆದರೆ ಟೇಪು ತುರಿಕೆಗಿಡದಲ್ಲಿದೆ ಎಂಬುದು ನೆನಪಾಯಿತು. ಅಂಪೈರುಗಳೂ ಆಟ ಮುಗಿದ ಕೂಡಲೇ ಬಸ್ಸು ಹಿಡಿದು ಹೋಗಿದ್ದರು. ಸುತ್ತ ಇಡೀ ಹಾಕ್‌ಸ್ಟನ್ ನಿಂತಿತ್ತು. ಅವನು ಹಲ್ಲು ಕಚ್ಚಿಕೊಂಡು, ಆಗಷ್ಟೇ ಕೈಸೇರಿದ್ದ ಬೆಳ್ಳಿ ಕಪ್ಪನ್ನು ಡಗ್ಗನ್‌ನ ಕೈಗೆ ತುರುಕಿದ, ಸ್ವಂತ ಮಗುವನ್ನು ಜೀತಕ್ಕೆ ಕೊಡುವವನಂತೆ. ಡಗ್ಗನ್‌ಗೆ ಒಂದೇ ಕ್ಷಣದಲ್ಲಿ ಹತ್ತು ವರ್ಷ ವಯಸ್ಸು ಇಳಿಯಿತು. ಹಾಕ್‌ಸ್ಟನ್ನಿನವರು ವ್ಯಾನು ಹತ್ತಿ, ಹಾಡುತ್ತ, ಕಪ್ಪಿನಲ್ಲೇ ಸೇಬಿನ ಹೆಂಡ ಸೈಡರ್ ಕುಡಿಯುತ್ತ ಹಳ್ಳ ದಾಟಿ ಹೋದರು. ಪಿಲ್‌ಕೂಂಬಿನವರು ವಿಲ್ಫ್ರೆಡ್‌ನ ಕಡೆ ನೋಡದೆ ಪಬ್ಬಿನ ಕಡೆ ನಡೆದರು. ಪಾದ್ರಿಗಳೊಬ್ಬರು ಮಾತ್ರ ಬೆನ್ನು ತಟ್ಟಿ, "ನಾಳೆ ಇಗರ್ಜೀಲಿ ನನ್ನ ಪ್ರಸಂಗ ನಿನ್ನ ಬಗ್ಗೆನೇ," ಎಂದು ಹೇಳಿ ಹೋದರು.

ಖಾಲಿ ಮೈದಾನದಲ್ಲಿ ವಿಲ್ಫ್ರೆಡ್ ಒಬ್ಬನೇ ಉಳಿದ. ದುಃಖವೇನೋ ಇತ್ತು. ಆದರೂ ಒಳಗೆಲ್ಲೋ ಒಂದು ಹಗುರ. ಕಪ್ಪು ಹೋಯಿತು, ಹೆಸರು ಹೋಯಿತು, ನಿಜ ಹೇಳಿದವನು ಎಂಬುದಾದರೂ ಉಳಿಯಿತಲ್ಲ!

ಆಗ ಎನಿಡ್ ಒದ್ದೆ ಕೈ ಒರೆಸಿಕೊಳ್ಳುತ್ತ ಕೊಠಡಿಯಿಂದ ಹೊರಗೆ ಬಂದಳು. ಗೆದ್ದ ಗಲಾಟೆ ಕೇಳಿದ ಮೇಲೆ ಅವಳು ನಲ್ಲಿಯ ಸದ್ದಿನಲ್ಲಿ, ಪಾತ್ರೆಗಳ ರಾಶಿಯಲ್ಲಿ ಮುಳುಗಿಹೋಗಿದ್ದಳು.

"ಎಲ್ರೂ ಎಲ್ಲಿ ಹೋದ್ರು? ಗೆದ್ವಿ ಅಲ್ವಾ? ಮತ್ಯಾಕೆ ಮುಖ ಹಿಂಗೆ?"

ವಿಲ್ಫ್ರೆಡ್ ಎಲ್ಲವನ್ನೂ ಹೇಳಿದ. ಎನಿಡ್ ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಅಯ್ಯೋ ಮಾರಾಯ," ಎಂದಳು ಕೊನೆಗೆ. "ಅದನ್ನ ನಾನು ಬೆಳಿಗ್ಗೆನೇ ಸರಿಮಾಡಿದ್ನಲ್ಲ."

"ಏನು?"

"ಊಟದ ಮೇಜು ಹಾಕೋಕೆ ಬಂದಾಗ ನೋಡ್ದೆ. ನಿನ್ನ ಪಿಚ್ಚು ತೀರಾ ಉದ್ದ ಕಾಣಿಸ್ತು. ನಮ್ಮಮ್ಮ ಬಟ್ಟೆ ಅಳೀತಿದ್ದ ಹಾಗೆ ದಾರ ಹಿಡಿದು, ಮೂಗಿನ ತುದಿಯಿಂದ ಬೆರಳ ತುದಿಗೆ ಒಂದು ಗಜ ಅಂತ ಅಳೆದೆ. ಆ ಕಡೆ ಸ್ಟಂಪು ಕಿತ್ತು ಈಚೆಗೆ ನೆಟ್ಟೆ. ಹಳೇ ಗೆರೆ ನೀರು ಹಾಕಿ ತಿಕ್ಕಿ, ಹೊಸ ಗೆರೆ ಎಳೆದೆ. ಸುಣ್ಣ ಅಲ್ಲೇ ಬಿಟ್ಟಿದ್ಯಲ್ಲ. ಆಮೇಲೆ ಅಂಪೈರುಗಳೂ ತಮ್ಮ ಟೇಪಲ್ಲಿ ಅಳೆದ್ರು. ಕೂದಲೆಳೆಯಷ್ಟೂ ವ್ಯತ್ಯಾಸ ಇರ್ಲಿಲ್ಲ."

ವಿಲ್ಫ್ರೆಡ್ ಹುಲ್ಲಿನ ಮೇಲೆ ಕುಸಿದು ಕೂತ. "ಹಾಗಾದ್ರೆ... ಡಗ್ಗನ್‌ಗೆ ಏನಾಗಿತ್ತು?"

"ಏನಾಗುತ್ತೆ? ಮಧ್ಯಾಹ್ನ ನನ್ನ ಪೈ ಅರ್ಧ ತಟ್ಟೆ ಒಬ್ಬನೇ ತಿಂದ. ಮೇಲೆ ಎರಡು ಜಗ್ ಸೈಡರ್. ಅವನು ಓಡಿದ್ದೇ ಹೆಚ್ಚು."

"ನನಗ್ಯಾಕೆ ಹೇಳ್ಲಿಲ್ಲ ನೀನು?" ವಿಲ್ಫ್ರೆಡ್‌ನ ದನಿ ಕೀರಲಾಗಿತ್ತು.

"ಸ್ನಾನ ಮಾಡಿ, ಒಳ್ಳೇ ಕೋಟು ಹಾಕ್ಕೊಂಡು, ಶಿಳ್ಳೆ ಹೊಡೀತಾ ಬಂದೆ. ಅಷ್ಟು ಖುಷಿಯಾಗಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ." ಅವಳು ಅವನ ಕೋಟಿನ ಮೇಲಿದ್ದ ಹುಲ್ಲು ಕೊಡವಿದಳು. "ಈಗ ಏಳು. ಪಬ್ಬಿಗೆ ಹೋಗಿ ಹಕ್‌ಸ್ಟೆಬಲ್‌ಗೆ ಇದ್ದದ್ದನ್ನ ಇದ್ದ ಹಾಗೆ ಹೇಳು. ಕಪ್ಪು ನಮ್ಮದು."

ವಿಲ್ಫ್ರೆಡ್ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರುಹೊಡೆದ. ಬಾಗಿಲು ತಳ್ಳಿದರೆ, ಒಳಗೆ ಒಂದು ವಿಚಿತ್ರ. ಪಾದ್ರಿಗಳು ಮಾತಾಡಿ ಮುಗಿಸಿದ್ದರು, ಬಿಯರು ತನ್ನ ಕೆಲಸ ಮಾಡಿತ್ತು, ಊರಿನ ಕೋಪ ಕರಗಿ ಹೆಮ್ಮೆಯಾಗಿತ್ತು.

"ಬಂದ ನೋಡಿ!" ಎಂದು ಮಿಸ್ ಗ್ರಿಬಲ್ ಕೈ ತಟ್ಟಿದಳು. "ಹಾಕ್‌ಸ್ಟನ್‌ನೋರಿಗೆ ಇಂಥ ಒಬ್ಬ ಇದ್ದಾನಾ ಕೇಳಿ! ಅವರು ಕಪ್ಪು ಇಟ್ಕೊಳ್ಳಿ. ನಮ್ಮೂರಲ್ಲಿ ಸತ್ಯ ಇದೆ!"

"ಪೆದ್ದ. ಆದ್ರೆ ನಿಯತ್ತಿನವ್ನು," ಎಂದು ಹಕ್‌ಸ್ಟೆಬಲ್ ಒಪ್ಪಿಕೊಂಡು ಒಂದು ತುಂಬಿದ ಲೋಟ ಬಿಯರನ್ನು ವಿಲ್ಫ್ರೆಡ್‌ನತ್ತ ದೂಡಿದ. ಯಾರೋ ಎದ್ದು ಕಿಟಕಿ ಪಕ್ಕದ ಒಳ್ಳೆಯ ಕುರ್ಚಿ ಬಿಟ್ಟುಕೊಟ್ಟರು. ಆ ಕುರ್ಚಿಯಲ್ಲಿ ವಿಲ್ಫ್ರೆಡ್ ಈವರೆಗೆ ಕೂತಿರಲಿಲ್ಲ.

"ಅದೇ ಪಿಚ್ಚಿನ ವಿಷಯ..." ಎಂದು ಶುರುಮಾಡಿದ.

"ಪಿಚ್ಚು ಅನ್ನೋ ಮಾತು ಇನ್ನೊಂದು ಸಲ ಬಂದ್ರೆ ಕೊಕ್ಕೆ!" ಎಂದ ಹಕ್‌ಸ್ಟೆಬಲ್. ಎಲ್ಲರೂ ನಕ್ಕರು. "ಆಯ್ತು, ಏನದು? ಹೇಳು."

ವಿಲ್ಫ್ರೆಡ್ ಸುತ್ತ ನೋಡಿದ. ಅಷ್ಟೂ ಮುಖಗಳು ಪ್ರೀತಿಯಿಂದ ಅವನತ್ತ ತಿರುಗಿದ್ದವು. ಕುರ್ಚಿ ಮೆತ್ತಗಿತ್ತು. ಬಿಯರಿನ ನೊರೆ ಇನ್ನೂ ಇಳಿದಿರಲಿಲ್ಲ.

"ಏನಿಲ್ಲ," ಎಂದ. "ಹುಲ್ಲು ಚೆನ್ನಾಗಿ ಬಂದಿದೆ ಈ ವರ್ಷ."

ಮನೆಗೆ ಬಂದಾಗ ಎನಿಡ್ ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. "ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಬಿಯರ್ ಕೊಡಿಸಿದ್ರು," ಎಂದ ವಿಲ್ಫ್ರೆಡ್. ಅದು ಮಾತ್ರ ನಿಜ.

ಭಾನುವಾರ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಲ್ಫ್ರೆಡ್‌ನನ್ನೂ ಎನಿಡ್‌ಳನ್ನೂ ಮೊದಲ ಸಾಲಿನಲ್ಲಿ ಕೂರಿಸಿದರು. ಪಾದ್ರಿ ಲೈಲ್ ಪೀಠವೇರಿ, ಕನ್ನಡಕ ಸರಿಪಡಿಸಿಕೊಂಡು, ದನಿಯೆತ್ತಿದರು.

"ಪ್ರಿಯರೇ, ನಿನ್ನೆ ನಮ್ಮಲ್ಲಿ ಒಬ್ಬ, ಪಿಚ್ಚು ಆರಡಿ ಉದ್ದ ಅಂತ ಎಲ್ಲರೆದುರು ಒಪ್ಪಿಕೊಂಡ. ಆಮೇಲೆ ಪಬ್ಬಿನಲ್ಲಿ ಒಂದು ಗಂಟೆ ನಮ್ಮ ಜೊತೆ ಕೂತಿದ್ದ. ತನ್ನ ಮಾತಿನಿಂದ ಒಂದಂಗುಲವೂ ಹಿಂದೆ ಸರಿಯಲಿಲ್ಲ!"

ವಿಲ್ಫ್ರೆಡ್ ಎದುರಿಗಿದ್ದ ಪ್ರಾರ್ಥನೆಯ ಪುಸ್ತಕದಲ್ಲಿ ಮುಖ ಹುದುಗಿಸಿದ. ಪಕ್ಕದಲ್ಲಿ ಎನಿಡ್ ನಿಧಾನವಾಗಿ ಅವನ ಕಡೆ ತಿರುಗಿದ್ದು ನೋಡದೆಯೇ ಗೊತ್ತಾಯಿತು. ಅವಳು ಬಾಗಿ, ಹಿಂದಿನ ಸಾಲಿಗೆ ಕೇಳಿಸದಂತೆ ಅವನ ಕಿವಿಯಲ್ಲಿ ಹೇಳಿದಳು:

"ಮಧ್ಯಾಹ್ನದ ಊಟ ಪಾದ್ರಿಗಳ ಮನೇಲೇ ಮಾಡ್ಕೊಂಡು ಬಾ."